ಗುಡಿಸುವ ಮೊದಲು ಒಂದು ಫೋಟೊ: 2019ರ ಮಳೆಯಲ್ಲಿ ಮಲೆನಾಡಿನ ಒಂದು ಚರ್ಚು ಮತ್ತು ಅದರ ನೆರೆಮನೆಗಳು

2019ರ ಆಗಸ್ಟ್ 9, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬ. ರಾತ್ರಿ ಹತ್ತೂವರೆ ಹೊತ್ತಿಗೆ ನಮ್ಮ ಚರ್ಚಿನ ಗಂಟೆ ಒಂದೇ ಸಮನೆ ಹೊಡೆಯಲು ಶುರುವಾಯಿತು. ಆ ಗಂಟೆಯ ಲೆಕ್ಕ ನಮ್ಮೂರಿನ ಎಲ್ಲ ಜಾತಿಯವರಿಗೂ ಗೊತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪ್ರಾರ್ಥನೆಗೆ ಹೊಡೆಯುತ್ತದೆ. ಯಾರಾದರೂ ತೀರಿಕೊಂಡರೆ ನಿಧಾನಕ್ಕೆ, ಬಿಟ್ಟು ಬಿಟ್ಟು ಹೊಡೆಯುತ್ತದೆ. ಹೀಗೆ ನಿಲ್ಲದೆ ಹೊಡೆದದ್ದನ್ನು ಯಾರೂ ಕೇಳಿರಲಿಲ್ಲ. ಕರೆಂಟು ಹೋಗಿ ಮೂರು ದಿನ ಆಗಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹಳ್ಳದ ಕೇರಿಯ ಹಿಂದಿನ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಜಾರುತ್ತಿದೆ ಅಂತ ನೋಡಿ ಓಡಿ ಬಂದ ಹುಡುಗನಿಗೆ ಊರನ್ನು ಎಬ್ಬಿಸಲು ಬೇರೆ ದಾರಿ ಹೊಳೆಯಲಿಲ್ಲ. ಫಾದರನ್ನೂ ಕೇಳದೆ ಹಗ್ಗ ಹಿಡಿದು ಜಗ್ಗಿದ. ಅವನು ಚರ್ಚಿನವನಲ್ಲ. ಕೆಳಗಿನ ಕೇರಿಯ ಜೀಪಿನವರ ಮಗ.

ಆ ರಾತ್ರಿ ಹನ್ನೊಂದು ಮನೆಯವರು ಚರ್ಚಿನ ಹಾಲಿಗೆ ಬಂದು ಸೇರಿದರು. ಅವರಲ್ಲಿ ನಮ್ಮ ಚರ್ಚಿಗೆ ಸೇರಿದವು ಎರಡೇ ಮನೆ. ಉಳಿದವರೆಲ್ಲ ನೆರೆಯವರು.

ಇದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಪ್ರಕರಣ. ಊರಿನ ಹೆಸರು, ಜನರ ಹೆಸರು ಬೇಕೆಂದೇ ಬರೆದಿಲ್ಲ. ಕಷ್ಟದಲ್ಲಿದ್ದವರ ಮನೆ ವಿಚಾರ ಇದರಲ್ಲಿದೆ, ಅವರು ಇವತ್ತೂ ನನಗೆ ದಿನಾ ಎದುರು ಸಿಗುವವರು. ಆಗ ನಾನು ಚರ್ಚಿನ ಪಾಲನಾ ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಕೆಲಸ ಶಾಲೆಯಲ್ಲಿ ಟೀಚರು. ಬಂದವರ ಪಟ್ಟಿ, ಕೊಟ್ಟದ್ದರ ಲೆಕ್ಕ, ಅರ್ಜಿಗಳ ನಕಲು ಎಲ್ಲ ನನ್ನ ಹತ್ತಿರವೇ ಇದ್ದವು. ನಾವು ಮಾಡಿದ ಸಹಾಯದಲ್ಲಿ ಒಂದು ದೊಡ್ಡ ತಪ್ಪೂ ಇತ್ತು. ಅದು ಇನ್ನೊಂದು ಊರಿನಲ್ಲಿ ಆಗಬಾರದು ಅನ್ನೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ವಾರದ ಮಳೆ

ಆ ವರ್ಷ ಜೂನ್, ಜುಲೈನಲ್ಲಿ ಮಳೆ ಕೈಕೊಟ್ಟಿತ್ತು. ನಾಟಿ ತಡ ಆಯಿತು ಅಂತ ಎಲ್ಲರೂ ಆಕಾಶ ನೋಡುತ್ತಿದ್ದೆವು. ಆಗಸ್ಟ್ ಮೊದಲ ವಾರ ಶುರುವಾದದ್ದು ನಿಲ್ಲಲೇ ಇಲ್ಲ. ತೀರ್ಥಹಳ್ಳಿಯಲ್ಲಿ ತುಂಗೆ ರಾಮಮಂಟಪವನ್ನು ಮುಳುಗಿಸಿದಳು. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂದರೆ ಹೊಳೆ ತುಂಬಿತು ಅಂತ ಲೆಕ್ಕ. ಆ ಸಲ ಮಂಟಪ ದಾಟಿ ನೀರು ಬಡಾವಣೆಗಳಿಗೇ ನುಗ್ಗಿತು, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ನಮ್ಮ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡವೇ ಜಾರಿ ತೋಟ, ಗದ್ದೆ ಮುಚ್ಚಿಹೋದವು. ಆಚೆ ಮೂಡಿಗೆರೆ ಕಡೆ ಮಲೆಮನೆ, ಮಧುಗುಂಡಿಯಲ್ಲಿ ಊರಿಗೆ ಊರೇ ಮನೆ ಬಿಟ್ಟು ಬಂತು.

ಇಷ್ಟು ದೊಡ್ಡ ಅನಾಹುತಗಳ ನಡುವೆ ನಮ್ಮ ಹಳ್ಳದ ಕೇರಿ ಯಾರ ಕಣ್ಣಿಗೆ ಬೀಳಬೇಕು? ಯಾರೂ ಸಾಯಲಿಲ್ಲ, ದೇವರ ದಯೆ. ಹಾಗಾಗಿ ಪೇಪರಿನಲ್ಲಿ ಬರಲಿಲ್ಲ, ಕ್ಯಾಮೆರಾ ಬರಲಿಲ್ಲ. ಮಲೆನಾಡಿನಲ್ಲಿ ಜಾಸ್ತಿ ಹಾನಿ ಆಗೋದು ಹೀಗೇ. ಇಲ್ಲಿ ನಾಲ್ಕು ಮನೆ, ಅಲ್ಲಿ ಆರು ಮನೆ. ಅಂಥ ಕಡೆ ಮೊದಲು ಬರುವವರು ಪಕ್ಕದ ಮನೆಯವರೇ.

ಧರೆ ಯಾಕೆ ಜಾರಿತು ಅನ್ನೋದನ್ನೂ ಹೇಳಬೇಕು. ನಮ್ಮಲ್ಲಿ ಸಮತಟ್ಟು ಜಾಗ ಇದ್ದರೆ ಅದು ಗದ್ದೆ, ತೋಟ. ಮನೆಗೆ ಸಿಗೋದು ಗುಡ್ಡದ ಬದಿ. ಮೊದಲು ಗುದ್ದಲಿಯಲ್ಲಿ ಅಗೆದು, ಸ್ವಲ್ಪ ಜಾಗ ಮಾಡಿ, ಸಣ್ಣ ಮನೆ ಕಟ್ಟುತ್ತಿದ್ದರು. ಈಗ ಜೆಸಿಬಿ ಬಂದಿದೆ. ಒಂದೇ ದಿನದಲ್ಲಿ ಹದಿನೈದು ಅಡಿ ಧರೆಯನ್ನು ನೆಟ್ಟಗೆ ಕಡಿದುಬಿಡುತ್ತದೆ. ಮೇಲಿಂದ ಬರುವ ನೀರಿಗೆ ಚರಂಡಿ ಇರುವುದಿಲ್ಲ. ವಾರಗಟ್ಟಲೆ ನೀರು ಕುಡಿದ ಮಣ್ಣು ಭಾರವಾಗುತ್ತದೆ, ಒಳಗಿನ ಹಿಡಿತ ಬಿಡುತ್ತದೆ. ನಮ್ಮ ಕೇರಿಯಲ್ಲಿ ಎರಡು ದಿನ ಮುಂಚೆಯೇ ಧರೆಯ ಬುಡದಿಂದ ಕೆಸರು ನೀರು ಒಸರುತ್ತಿತ್ತು. ಮೇಲಿನ ಎರಡು ಹಲಸಿನ ಮರ ವಾಲಿದ್ದವು. ಎಲ್ಲರೂ ನೋಡಿದ್ದರು. ಅದು ಸೂಚನೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹಾಲಿನೊಳಗೆ

ಆ ರಾತ್ರಿಯ ಒಂದು ದೃಶ್ಯ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೇರಿಯ ಒಬ್ಬ ಹೆಂಗಸು ಮಗುವನ್ನು ಗಂಡನ ಕೈಗೆ ಕೊಟ್ಟು, ತಾನು ಹಬ್ಬದ ಕಲಶವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದಳು. ವಿಸರ್ಜನೆ ಮರುದಿನ ಬೆಳಿಗ್ಗೆ. ಅಲ್ಲಿಯವರೆಗೆ ಲಕ್ಷ್ಮಿಯನ್ನು ಕದಲಿಸಬಾರದು. ಆದರೆ ಬಿಟ್ಟು ಬರಲು ಮನಸ್ಸಾಗಿಲ್ಲ. ಹಾಲಿನ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಅಂತ ನೋಡುತ್ತಿದ್ದಳು. ಎದುರು ಗೋಡೆಯಲ್ಲಿ ಶಿಲುಬೆ ಇತ್ತು. ಫಾದರ್ ಏನೂ ಮಾತಾಡಲಿಲ್ಲ. ಮೂಲೆಯ ಮೇಜನ್ನು ಒರೆಸಿದರು, ಮೇಲೆ ಒಂದು ಬಿಳಿ ಬಟ್ಟೆ ಹಾಸಿದರು. "ಇಲ್ಲಿಡಮ್ಮಾ, ಮಕ್ಕಳ ಕೈಗೆ ತಾಗಲ್ಲ" ಅಂದರು. ಬೆಳಿಗ್ಗೆ ಅವಳು ಅಲ್ಲೇ ದೀಪ ಹಚ್ಚಿ, ಆರತಿ ಮಾಡಿ, ಕಲಶದ ನೀರನ್ನು ಚರ್ಚಿನ ಅಂಗಳದ ದಾಸವಾಳದ ಬುಡಕ್ಕೆ ಹಾಕಿದಳು.

ಹಾಗಂತ ಎಲ್ಲವೂ ಸಲೀಸಾಗಿ ಹೋಯಿತು ಅಂತಲ್ಲ. ಎರಡನೇ ದಿನಕ್ಕೇ ಹೊರಗೆ ಮಾತು ಶುರುವಾಗಿತ್ತು. "ಊಟ ಹಾಕಿ ಮತಕ್ಕೆ ಸೇರಿಸಿಕೊಳ್ತಾರೆ" ಅಂತ. ನಮ್ಮ ಸಮಿತಿಯಲ್ಲಿ ಕೆಲವರಿಗೆ ಸಿಟ್ಟು ಬಂತು. ಇಷ್ಟು ಮಾಡಿಯೂ ಇಂಥ ಮಾತು ಕೇಳಬೇಕಾ ಅಂತ. ನನಗೂ ನೋವಾಯಿತು. ಆದರೆ ಫಾದರ್ ಅದನ್ನು ಬೇರೆ ಥರ ನೋಡಿದರು. ಭಯ ಇದ್ದರೆ ಭಯ ಹೋಗುವ ಹಾಗೆ ನಾವೇ ನಡೆದುಕೊಳ್ಳಬೇಕು, ಅವರನ್ನು ಬೈದು ಏನು ಬಂತು ಅಂದರು. ಅವತ್ತೇ ದೇವಸ್ಥಾನದ ಸಮಿತಿಯಿಂದ ಒಬ್ಬರು, ಮಸೀದಿಯಿಂದ ಒಬ್ಬರು, ಪಂಚಾಯ್ತಿ ಸದಸ್ಯರೊಬ್ಬರು, ಚರ್ಚಿನಿಂದ ನಾನು ಹೀಗೆ ನಾಲ್ಕು ಜನ ಕೂತೆವು. ಉಗ್ರಾಣದ ಬೀಗದ ಕೈ ದೇವಸ್ಥಾನದವರ ಹತ್ತಿರ, ಲೆಕ್ಕದ ಪುಸ್ತಕ ನನ್ನ ಹತ್ತಿರ. ಹಾಲಿನಲ್ಲಿ ಪ್ರಾರ್ಥನೆ ಇಲ್ಲ. ನಮ್ಮ ಜಪಮಾಲೆ, ಪೂಜೆ ಏನಿದ್ದರೂ ಚರ್ಚಿನ ಒಳಗೆ. ಸಾಮಾನು ಕೊಡುವಾಗ ಫೋಟೊ ತೆಗೆಯುವ ಹಾಗಿಲ್ಲ. ಅಡುಗೆ ಪೂರ್ತಿ ಸಸ್ಯಾಹಾರಿ, ಎಲ್ಲರೂ ಒಟ್ಟಿಗೆ ಉಣ್ಣಬೇಕಲ್ವಾ. 12ನೇ ತಾರೀಖು ಬಕ್ರೀದ್ ಬಂತು. ಜೀಪಿನವರು ನಮಾಜು ಮುಗಿಸಿ ಹೊಸ ಅಂಗಿಯಲ್ಲೇ ಬಂದು ಸೌದೆ ಇಳಿಸಿಕೊಟ್ಟರು.

ಒಬ್ಬರು ಅಜ್ಜಿ ಮಾತ್ರ ಹಾಲಿನಲ್ಲಿ ಉಣ್ಣಲಿಲ್ಲ. ಬೇರೆಯವರು ಬೇಯಿಸಿದ್ದು ಅವರು ಜನ್ಮದಲ್ಲಿ ಮುಟ್ಟಿದವರಲ್ಲ. ಮೊದಲ ದಿನ ಪೂರ್ತಿ ಉಪವಾಸವೇ ಕೂತರು. ಹುಡುಗರು ತಿಳಿಹೇಳಲು ಹೋದರು. ಸಿಸ್ಟರೊಬ್ಬರು ಅವರನ್ನು ತಡೆದು, ಹಿಂದಿನ ಜಗುಲಿಯಲ್ಲಿ ಮೂರು ಕಲ್ಲು ಹೂಡಿ, ಅಕ್ಕಿ, ಬೇಳೆ, ಒಣಗಿದ ಸೌದೆ, ಹೊಸ ಪಾತ್ರೆ ತಂದಿಟ್ಟರು. "ನೀವೇ ಮಾಡ್ಕೊಳ್ಳಿ ಅಜ್ಜಿ, ಯಾರೂ ಈ ಕಡೆ ಬರಲ್ಲ." ಅಜ್ಜಿ ಹತ್ತು ದಿನ ಅಲ್ಲೇ ಬೇಯಿಸಿಕೊಂಡರು. ಇದು ಸರಿಯಾ, ಜಾತಿಯನ್ನು ಒಪ್ಪಿಕೊಂಡ ಹಾಗಲ್ವಾ ಅಂತ ನಮ್ಮ ಯುವಕರು ಆಮೇಲೆ ನನ್ನನ್ನು ಕೇಳಿದ್ದಾರೆ. ನನ್ನ ಉತ್ತರ ಒಂದೇ. ಮನೆ ಕಳೆದುಕೊಂಡ ಎಂಬತ್ತು ವರ್ಷದ ಹೆಂಗಸನ್ನು ತಿದ್ದುವ ಹೊತ್ತು ಅದಲ್ಲ. ಸಿಸ್ಟರ್ ಮಾಡಿದ್ದೇ ಸರಿ.

ಬಟ್ಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಪೇಟೆಗಳಿಂದ ಮೂಟೆ ಮೂಟೆ ಹಳೆ ಬಟ್ಟೆ ಬಂತು. ಅದರಲ್ಲಿ ಅರ್ಧಕ್ಕರ್ಧ ಉಡಲು ಬಾರದ್ದು. ಅಂಥ ಮಳೆಯಲ್ಲಿ ಒದ್ದೆಯಾಗಿ ವಾಸನೆ ಹೊಡೆದು, ಕೊನೆಗೆ ಅದನ್ನು ವಿಲೇವಾರಿ ಮಾಡುವುದೇ ಒಂದು ಕೆಲಸವಾಯಿತು. ಬೇಕಿದ್ದದ್ದು ಹೊಸ ಒಳಬಟ್ಟೆ, ನೈಟಿ, ಪ್ಯಾಡು, ಕಂಬಳಿ, ಟಾರ್ಚು.

ನಾವು ಮಾಡಿದ ತಪ್ಪು

ಮಂಗಳವಾರ ಮಳೆ ಸ್ವಲ್ಪ ಹೊಳವಾಯಿತು. ನಮ್ಮ ಯುವಕರು, ಕೇರಿಯ ಹುಡುಗರು, ಮಸೀದಿ ಕಡೆಯವರು ಸೇರಿ ನಲವತ್ತು ಜನ ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಮನೆ ಖಾಲಿ ಮಾಡಲು ಹೊರಟರು. ಒಳಗೆ ಮೊಣಕಾಲುದ್ದ ಹೂಳು. ಹೂಳು ಒಣಗಿದರೆ ಕಲ್ಲಾಗುತ್ತದೆ, ಹಸಿ ಇರುವಾಗಲೇ ತೆಗೆಯಬೇಕು. ಹೆಂಗಸರು ಅಡಿಕೆ ಹಾಳೆಯಲ್ಲಿ ಗೋರಿ ಗೋರಿ ಹಾಕಿದರು. ಕಬ್ಬಿಣದ ಸಲಿಕೆಗಿಂತ ಹಾಳೆಯೇ ವಾಸಿ. ನೆಲ ಕೀಳುವುದಿಲ್ಲ, ಮೂಲೆಗೂ ಬಗ್ಗುತ್ತದೆ. ಎರಡೇ ದಿನದಲ್ಲಿ ನಾಲ್ಕು ಮನೆ ತೊಳೆದ ಹಾಗಾಯಿತು. ಬಿದ್ದ ಗೋಡೆಯ ಮಣ್ಣನ್ನು ಹಳ್ಳಕ್ಕೆ ಹಾಕಿದೆವು. ಮುರಿದ ಹೆಂಚು, ಪಕಾಸಿಯನ್ನು ಒಂದು ಕಡೆ ರಾಶಿ ಹಾಕಿದೆವು. ಎಲ್ಲರಿಗೂ ಹೆಮ್ಮೆ.

ಗುರುವಾರ 15ನೇ ತಾರೀಖು. ಸ್ವಾತಂತ್ರ್ಯ ದಿನ, ನಮಗೆ ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಹೌದು. ಅದಾದ ಮೇಲೆ ಸರ್ಕಾರದ ಕಡೆಯವರು ಹಾನಿ ಅಳತೆಗೆ ಬಂದರು. ಸರ್ಕಾರ ಮನೆ ಹಾನಿಯನ್ನು ಮೂರು ವರ್ಗ ಮಾಡಿತ್ತು. 75 ಪರ್ಸೆಂಟಿಗಿಂತ ಜಾಸ್ತಿ ಹೋದ ಮನೆ 'ಎ'. 25ರಿಂದ 75ರವರೆಗೆ 'ಬಿ'. 15ರಿಂದ 25 'ಸಿ'. 'ಎ' ಅಂದರೆ 5 ಲಕ್ಷ ರೂಪಾಯಿ. 'ಸಿ' ಅಂದರೆ 50,000. ನಾವು ಗುಡಿಸಿ, ತೊಳೆದು, ಉಳಿದ ಗೋಡೆಗೆ ಮರದ ಕಂಬ ಆನಿಸಿ ನಿಲ್ಲಿಸಿದ್ದ ನಾಲ್ಕು ಮನೆ ಅಳತೆಗೆ ಬಂದವರ ಕಣ್ಣಿಗೆ ಚೊಕ್ಕಟವಾಗಿ ಕಂಡವು. ಎರಡಕ್ಕೆ 'ಸಿ' ಬರೆದರು. ಇನ್ನೆರಡಕ್ಕೆ 'ಬಿ'. ಪಕ್ಕದಲ್ಲೇ ಯಾರೂ ಮುಟ್ಟದೆ ಬಿಟ್ಟಿದ್ದ, ಅಷ್ಟೇ ಹಾನಿಯಾದ ಮನೆಗೆ 'ಎ' ಬಂತು.

ಅವರ ತಪ್ಪು ಅಂತ ನಾನು ಹೇಳಲಾರೆ. ಕಂಡದ್ದನ್ನು ಬರೆದರು. ಕಾಣದ ಹಾಗೆ ಮಾಡಿದವರು ನಾವು. ಒಂದು ಮನೆಯವನು, ಕೂಲಿ ಮಾಡುವವನು, ನನ್ನನ್ನು ನೋಡಿ ಬೈಯಲಿಲ್ಲ. "ಬಿಡಿ ಟೀಚರೇ, ನೀವು ಒಳ್ಳೇದಕ್ಕೇ ಮಾಡಿದ್ದು" ಅಂದ. ಬೈದಿದ್ದರೇ ವಾಸಿ ಇತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಸರಿ ಮಾಡಲು ಏನು ದಾರಿ? ಹುಡುಗರ ಮೊಬೈಲು ಹುಡುಕಿದೆವು. ಹಾಲಿನಲ್ಲಿ ಫೋಟೊ ಬೇಡ ಅಂದಿದ್ದೆವಲ್ಲ, ಮನೆಗಳ ಹತ್ತಿರ ಹಾಗೆ ಹೇಳಿರಲಿಲ್ಲ. ಅದೃಷ್ಟಕ್ಕೆ ಒಬ್ಬ ಹುಡುಗ ಕೆಲಸ ಶುರು ಮಾಡುವ ಮುಂಚೆ ಸುಮ್ನೆ ಒಂದು ವಿಡಿಯೊ ಮಾಡಿದ್ದ, ಸ್ನೇಹಿತರಿಗೆ ಕಳಿಸಲು. ತಾರೀಖು, ಹೊತ್ತು ಅದರಲ್ಲೇ ಇತ್ತು. ಮೂರು ಮನೆಯ ಒಳಗು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದರಿಂದ ಚಿತ್ರ ತೆಗೆಸಿ, ಅಕ್ಕಪಕ್ಕದವರ ಸಹಿ ಹಾಕಿಸಿ, ಮರು ಸಮೀಕ್ಷೆಗೆ ಅರ್ಜಿ ಕೊಟ್ಟೆವು. ಅಷ್ಟರಲ್ಲಿ ಮತ್ತೆ ಮಳೆ ಹಿಡಿದು, ಕಂಬ ಆನಿಸಿದ್ದ ಗೋಡೆಗಳಲ್ಲಿ ಒಂದು ಪೂರ್ತಿ ಮಲಗಿತು. ಒಳಗೆ ಯಾರೂ ಇರಲಿಲ್ಲ. ಆ ಮನೆ 'ಎ'ಗೆ ಬಂತು, ಇನ್ನೊಂದು 'ಸಿ'ಯಿಂದ 'ಬಿ'ಗೆ ಏರಿತು. ಉಳಿದ ಎರಡು ಬದಲಾಗಲಿಲ್ಲ.

ಇದಾದ ಮೇಲೆ ನಾವು ಒಂದು ಕ್ರಮ ಮಾಡಿಕೊಂಡೆವು. ಹಾರೆ ಮುಟ್ಟುವ ಮುಂಚೆ ಮನೆಯ ನಾಲ್ಕೂ ಕಡೆಯಿಂದ, ಒಳಗಿನ ಪ್ರತಿ ಕೋಣೆಯಿಂದ ಫೋಟೊ. ಮನೆಯವರು ಬಾಗಿಲಲ್ಲಿ ನಿಂತ ಒಂದು ಫೋಟೊ. ಗೋಡೆಯಲ್ಲಿ ನೀರು, ಹೂಳು ನಿಂತ ಗುರುತಿಗೆ ಸುಣ್ಣದ ಗೆರೆ. ಬಿದ್ದ ಹೆಂಚು, ಮರ, ಇಟ್ಟಿಗೆಯನ್ನು ಎಸೆಯದೆ ಮನೆ ಎದುರಿಗೇ ಇಡುವುದು. ಕೊಚ್ಚಿಹೋದ ದನ, ಕೋಳಿ, ಪಾತ್ರೆ ಪಗಡವನ್ನು ಅವತ್ತೇ ಬರೆದು ಇಬ್ಬರು ನೆರೆಯವರ ಸಹಿ. ಇದಕ್ಕೆ ಒಂದು ಮನೆಗೆ ಅರ್ಧ ಗಂಟೆಯೂ ಬೇಡ. ಆ ಅರ್ಧ ಗಂಟೆಯನ್ನು ನಾವು ಮೊದಲು ಕೊಟ್ಟಿರಲಿಲ್ಲ.

ಬಾವಿ ಮತ್ತು ಜ್ವರ

ಕೇರಿಯ ಎರಡು ಬಾವಿಗೆ ಕೆಸರು ನೀರು ನುಗ್ಗಿತ್ತು. ಪಂಪು ಇಟ್ಟು ಒಂದೇ ಸಲ ಖಾಲಿ ಮಾಡೋಣ ಅಂತ ಹುಡುಗರು ಹೊರಟರು. ಆಶಾ ಕಾರ್ಯಕರ್ತೆ ಬಿಡಲಿಲ್ಲ. ಸುತ್ತಲಿನ ಮಣ್ಣು ನೀರು ಕುಡಿದಿದೆ, ಒಳಗಿನ ನೀರಿನ ಆನಿಕೆ ತೆಗೆದರೆ ಕಟ್ಟೆ ಕುಸಿಯುತ್ತದೆ ಅಂದಳು. ನಿಧಾನಕ್ಕೆ, ದಿನಕ್ಕೆ ಸ್ವಲ್ಪ ಸ್ವಲ್ಪ ತೆಗೆದೆವು. ಬ್ಲೀಚಿಂಗ್ ಪುಡಿಯ ಲೆಕ್ಕವನ್ನೂ ಅವಳೇ ಕಲಿಸಿದಳು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ. ಪುಡಿಯನ್ನು ಬಕೆಟಿನಲ್ಲಿ ಕಲಸಿ, ತಿಳಿ ಬಂದ ಮೇಲೆ ಆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಬೇಕು. ಒಂದು ಗಂಟೆ ಯಾರೂ ನೀರು ಸೇದಬಾರದು. ನಾನು ಅದನ್ನು ಶಾಲೆಯ ಏಳನೇ ತರಗತಿ ಮಕ್ಕಳಿಂದ ಲೆಕ್ಕ ಹಾಕಿಸಿದೆ. ಅವರೇ ಮನೆಮನೆಗೆ ಹೋಗಿ ಬಾವಿ ಅಳೆದರು.

ಇನ್ನೊಂದು ಭಯ ಇಲಿ ಜ್ವರದ್ದು. ಇಲಿಯ ಉಚ್ಚೆ ಸೇರಿದ ಕೆಸರಿನಲ್ಲಿ ಬರಿಗಾಲಲ್ಲಿ ನಿಂತರೆ, ಕಾಲಿನ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತದೆ. ನಮ್ಮ ಹುಡುಗರು ಮೊದಲೆರಡು ದಿನ ಬರಿಗಾಲಲ್ಲೇ ಕೆಲಸ ಮಾಡಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಅವರಿಗೆಲ್ಲ ಮಾತ್ರೆ ಕೊಟ್ಟರು, ತೋಟದ ಕೆಲಸದ ಗಂಬೂಟು ಇದ್ದವರೆಲ್ಲ ತಂದು ಹಂಚಿಕೊಂಡರು. ಯಾರಿಗೂ ಜ್ವರ ಬರಲಿಲ್ಲ.

ಪಟ್ಟಿಯಲ್ಲಿ ಇಲ್ಲದವರು

ನಮ್ಮ ಚರ್ಚಿನಲ್ಲಿ ಸೇಂಟ್ ವಿನ್ಸೆಂಟ್ ಡಿ ಪಾವ್ಲ್ ಸಭೆ ಇದೆ. 1833ರಲ್ಲಿ ಪ್ಯಾರಿಸಿನಲ್ಲಿ ಓಝನಾಮ್ ಎಂಬ ವಿದ್ಯಾರ್ಥಿ ಮತ್ತು ಅವನ ಸ್ನೇಹಿತರು ಶುರು ಮಾಡಿದ್ದು. ಅದರ ಮುಖ್ಯ ಪದ್ಧತಿ ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗಿ ಕೂತು ಮಾತಾಡಿ ಬರುವುದು. ಈಗಿನ ಕಾಲದಲ್ಲಿ ಇದೆಲ್ಲ ಯಾಕೆ, ಫೋನಿನಲ್ಲೇ ವಿಚಾರಿಸಬಹುದಲ್ಲ ಅಂತ ನನಗೇ ಅನ್ನಿಸುತ್ತಿತ್ತು. ಆ ಸಲ ಅದರ ಬೆಲೆ ಗೊತ್ತಾಯಿತು.

ಸಾಮಾನು ಹಂಚುವಾಗ ನಾವು ಪಡಿತರ ಚೀಟಿ ನೋಡಿ ಪಟ್ಟಿ ಮಾಡಿದ್ದೆವು. ಎರಡನೇ ವಾರ ಸಭೆಯ ಇಬ್ಬರು ಹಿರಿಯರು ತೋಟಗಳ ಕಡೆ ನಡೆದು ಹೋದರು. ಒಂದು ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲುಮನೆ) ಉತ್ತರ ಕರ್ನಾಟಕದಿಂದ ಕೂಲಿಗೆ ಬಂದ ಮೂರು ಸಂಸಾರ ಇದ್ದವು. ಮಾಡಿನ, ಅಂದರೆ ಚಾವಣಿಯ, ಒಂದು ಬದಿ ಹಾರಿಹೋಗಿತ್ತು. ಟಾರ್ಪಾಲು ಕಟ್ಟಿಕೊಂಡು, ಅಕ್ಕಿ ಮುಗಿದು, ಬಾಳೆಕಾಯಿ ಬೇಯಿಸಿ ತಿನ್ನುತ್ತಿದ್ದರು. ಚೀಟಿ ಇದ್ದದ್ದು ಅವರ ಊರಿನಲ್ಲಿ. ಆ ಊರಿನಲ್ಲಿ ಕೃಷ್ಣೆ ತುಂಬಿ ಅವರ ಅಪ್ಪ ಅಮ್ಮನೂ ಗಂಜಿ ಕೇಂದ್ರದಲ್ಲಿದ್ದರು. ಗಂಟೆ ಹೊಡೆದದ್ದು ಕೇಳಿತ್ತಂತೆ. "ನಮ್ಮನ್ನ ಯಾರು ಕರೀತಾರ್ರೀ ಅಂತ ಬರಲಿಲ್ಲ" ಅಂದರು. ಒಂದು ಕಿಲೋಮೀಟರ್ ದೂರ ಅಷ್ಟೇ. ಹನ್ನೆರಡು ದಿನ ನಮಗೆ ಅವರ ನೆನಪೇ ಬರಲಿಲ್ಲ. ಇದು ನನ್ನ ಪಟ್ಟಿಯ ತಪ್ಪು, ನಾನು ಬರೆದ ಪಟ್ಟಿ.

ಅವರ ನಷ್ಟ 'ಎ'ಯಲ್ಲೂ ಇಲ್ಲ, 'ಬಿ'ಯಲ್ಲೂ ಇಲ್ಲ. ಮನೆ ಅವರದಲ್ಲ. ಕೂಲಿ ಹೋಗಿದೆ, ಆದರೆ ಕೂಲಿಗೆ ಅರ್ಜಿ ನಮೂನೆ ಇಲ್ಲ. ಆ ವರ್ಷ ಮಳೆ ಬಿಡದೆ ಅಡಿಕೆಗೆ ಎರಡನೇ ಸಲ ಮದ್ದು ಹೊಡೆಯಲು ಆಗಲಿಲ್ಲ, ಕೊಳೆ ಬಂದು ಕಾಯಿ ಉದುರಿತು. ತೋಟದವರಿಗೆ ಬೆಳೆ ಹೋಯಿತು, ಇವರಿಗೆ ಕೊಯ್ಲಿನ ಕೆಲಸ ಹೋಯಿತು. ಸೆಪ್ಟೆಂಬರ್ 8ಕ್ಕೆ ನಮ್ಮ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ತರುತ್ತಾರೆ, ಹೊಸ ತೆನೆ ಆಶೀರ್ವಾದ ಮಾಡಿಸಿ ಮನೆಮನೆಗೆ ಒಯ್ಯುತ್ತಾರೆ. ಆ ವರ್ಷ ಹೂವು, ತೆನೆ ಎಲ್ಲ ಇತ್ತು, ಊಟದ ಪಂಕ್ತಿ ಮಾತ್ರ ಬಿಟ್ಟೆವು. ಆ ದುಡ್ಡು ಲೈನ್ ಮನೆಯವರ ಎರಡು ತಿಂಗಳ ದಿನಸಿಗೆ ಹೋಯಿತು. ಸಮಿತಿಯಲ್ಲಿ ಇದಕ್ಕೆ ಒಬ್ಬರೂ ಬೇಡ ಅನ್ನಲಿಲ್ಲ.

ಕಾಗದದ ಕೆಲಸ

ಮೊದಲ ವಾರ ಅಕ್ಕಿ ಕೊಡುವವರು ಎಷ್ಟೋ ಜನ ಇದ್ದರು. ಮೂರನೇ ವಾರಕ್ಕೆ ಜೀಪು, ವ್ಯಾನು ಬರುವುದು ನಿಂತಿತು. ಆಗ ಶುರುವಾದದ್ದು ಕಾಗದ. ತುರ್ತು ಪರಿಹಾರದ 10,000 ರೂಪಾಯಿ ಬ್ಯಾಂಕಿಗೆ ಬರಬೇಕಾದರೆ ಪಾಸ್ ಪುಸ್ತಕ ಬೇಕು, ಅದು ಹೂಳಿನೊಳಗಿದೆ. ಆಧಾರಿನಲ್ಲಿ ಒಂದು ಹೆಸರು, ಪಂಚಾಯ್ತಿ ಪುಸ್ತಕದಲ್ಲಿ ತೀರಿಹೋದ ಮಾವನ ಹೆಸರು. ಬಾಡಿಗೆ ಮನೆಗೆ ತಿಂಗಳಿಗೆ 5,000 ಕೊಡುತ್ತೇವೆ ಅಂತ ಸರ್ಕಾರ ಹೇಳಿತ್ತು. ದುಡ್ಡು ಬರುವ ತನಕ ಮನೆ ಮಾಲೀಕರಿಗೆ ಮುಂಗಡ ಯಾರು ಕೊಡಬೇಕು? ಅದನ್ನು ವಿನ್ಸೆಂಟ್ ಸಭೆ ಕೊಟ್ಟಿತು, ಸಾಲ ಅಂತ ಬರೆದುಕೊಂಡು. ಒಬ್ಬರನ್ನು ಬಿಟ್ಟು ಎಲ್ಲರೂ ವಾಪಸು ಕೊಟ್ಟರು. ಆ ಒಬ್ಬರನ್ನು ನಾವು ಕೇಳಲಿಲ್ಲ.

ಸೋಮವಾರ ಮತ್ತು ಶನಿವಾರ ಸಂಜೆ ಹಾಲಿನಲ್ಲಿ ನಾನು, ನಿವೃತ್ತ ಪೋಸ್ಟ್ ಮಾಸ್ಟರರು, ಪಿಯುಸಿ ಓದುವ ಇಬ್ಬರು ಹುಡುಗಿಯರು ಕೂರುತ್ತಿದ್ದೆವು. ಅರ್ಜಿ ಬರೆಯುವುದು, ನಕಲು ಮಾಡಿಸುವುದು, ಕೊಟ್ಟ ಅರ್ಜಿಗೆ ಸ್ವೀಕೃತಿ ತಂದು ಫೈಲಿಗೆ ಹಾಕುವುದು. ಆಫೀಸಿಗೆ ಒಬ್ಬರೇ ಹೋಗುವ ಹಾಗಿಲ್ಲ ಅಂತ ಮಾಡಿದೆವು. ಜೊತೆಗೆ ಓದು ಬರಹ ಬಲ್ಲವರು ಒಬ್ಬರು. ಕೂಲಿ ಮಾಡುವ ಹೆಂಗಸು ಒಬ್ಬಳೇ ಹೋದರೆ "ನಾಳೆ ಬಾ". ಪಕ್ಕದಲ್ಲಿ ಟೀಚರು ಕೂತಿದ್ದರೆ "ಕೂತ್ಕೊಳ್ಳಿ ಮೇಡಂ". ಇದು ನ್ಯಾಯ ಅಲ್ಲ. ಆದರೆ ಆ ಕುರ್ಚಿಯಿಂದ ಅವಳಿಗೆ ಉಪಯೋಗ ಆಗುವುದಾದರೆ ನಾನು ಎಷ್ಟು ದಿನ ಬೇಕಾದರೂ ಹೋಗಿ ಕೂರುತ್ತೇನೆ.

ಮನೆ ದುಡ್ಡು ಒಂದೇ ಸಲ ಬರುವುದಿಲ್ಲ. ತಳಪಾಯ, ಲಿಂಟಲ್, ಮಾಡು ಹೀಗೆ ಒಂದೊಂದು ಹಂತಕ್ಕೆ ಫೋಟೊ ಹಾಕಿದ ಮೇಲೆ ಕಂತು. ಕೈಯಲ್ಲಿ ಕಾಸಿಲ್ಲದವರು ತಳಪಾಯ ಹೇಗೆ ಹಾಕಬೇಕು? ಮೇಸ್ತ್ರಿಯೊಬ್ಬರು ಮೊದಲ ಕಂತು ಬಂದ ಮೇಲೆ ಕೊಡಿ ಅಂತ ಮೂರು ಮನೆಗೆ ಕೆಲಸ ಶುರು ಮಾಡಿದರು. ಜಂಬಿಟ್ಟಿಗೆ ಸಾಲಕ್ಕೆ ಸಿಕ್ಕಿತು. ಹೊಸ ಮನೆಗಳನ್ನು ಧರೆಯಿಂದ ದೂರ, ಹಿಂದೆ ಚರಂಡಿ ಬಿಟ್ಟು ಕಟ್ಟಿಸಿದೆವು. 2020ರ ಮಾರ್ಚಿನಲ್ಲಿ ಮೂರೂ ಲಿಂಟಲ್ ಮಟ್ಟಕ್ಕೆ ಬಂದಿದ್ದವು. 25ನೇ ತಾರೀಖು ಲಾಕ್‌ಡೌನ್. ಸಿಮೆಂಟು ಬರಲಿಲ್ಲ, ಕೆಲಸದವರು ಊರಿಗೆ ಹೋದರು. ಜೂನಿಗೆ ಮತ್ತೆ ಮಳೆ. ಮಾಡಿಲ್ಲದ ಗೋಡೆ ನೆನೆಯುವುದನ್ನು ನೋಡಲಾಗದೆ, ಚರ್ಚಿನ ಹಬ್ಬದ ಚಪ್ಪರಕ್ಕೆ ಹಾಕುವ ತಗಡು ತಂದು ಮೂರಕ್ಕೂ ಹೊದಿಸಿದೆವು. ಆ ವರ್ಷದ ಕೊನೆಗೆ ಎರಡು ಮನೆ ಮುಗಿದವು, ಮುಂದಿನ ಬೇಸಿಗೆಗೆ ಮೂರನೆಯದು. ಕಲಶ ಹೊತ್ತು ತಂದವಳ ಮನೆ ಅದರಲ್ಲಿ ಒಂದು. ಗೃಹಪ್ರವೇಶಕ್ಕೆ ನಮ್ಮನ್ನೆಲ್ಲ ಕರೆದು ಹೋಳಿಗೆ ಬಡಿಸಿದಳು.

ಮುಗಿಯದೇ ಉಳಿದದ್ದು ಎರಡು ಮನೆಯ ವಿಷಯ. ಸರ್ಕಾರಿ ಜಾಗದಲ್ಲಿ ಅಜ್ಜನ ಕಾಲದಿಂದ ಇದ್ದವರು, ಹಕ್ಕುಪತ್ರ ಇಲ್ಲ. ಮನೆ ಬಿದ್ದದ್ದು ನಿಜ, ಆದರೆ ಕಾಗದದಲ್ಲಿ ಅಲ್ಲಿ ಮನೆಯೇ ಇರಲಿಲ್ಲ. ಸರ್ಕಾರಿ ಜಾಗದ ಮನೆಯನ್ನು ಸಕ್ರಮ ಮಾಡುವ, ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಅರ್ಜಿ ಹಾಕಿ, ಹಳೆ ಕರೆಂಟು ಬಿಲ್ಲು, ಮಕ್ಕಳ ಶಾಲಾ ದಾಖಲೆ, ಮತದಾರರ ಪಟ್ಟಿಯ ಪುಟ ಎಲ್ಲ ಸೇರಿಸಿ ಕೊಟ್ಟಿದ್ದೇವೆ. ಒಂದು ಫೈಲು ಮುಂದೆ ಹೋಗಿದೆ. ಇನ್ನೊಂದರಲ್ಲಿ ಅರಣ್ಯದ ಗಡಿ ಎಲ್ಲಿ ಅನ್ನೋ ಪ್ರಶ್ನೆ ಎದ್ದಿದೆ, ಜಂಟಿ ಸರ್ವೆ ಆಗಬೇಕು. ಆ ಮನೆ ಹೆಂಗಸು ಈಗ ಅರ್ಜಿಯ ನಂಬರನ್ನು ಬಾಯಿಪಾಠ ಹೇಳುತ್ತಾಳೆ. ಫೈಲಿನ ಒಂದು ನಕಲು ಅವಳ ಹತ್ತಿರ, ಒಂದು ಚರ್ಚಿನ ಕಪಾಟಿನಲ್ಲಿ. ಮಂಗಳವಾರ ನಾವಿಬ್ಬರೂ ಮತ್ತೆ ತೀರ್ಥಹಳ್ಳಿಗೆ ಹೋಗುವವರಿದ್ದೇವೆ, ಏಳೂವರೆ ಬಸ್ಸಿಗೆ.